ಗಣಕಯಂತ್ರದ ಗಿರಿಶ್ರೇಣಿ ಮತ್ತು ಪಾಡ್‌ಕಾಸ್ಟ್ ಎಂಬ ಅಂಚೆ

ಚಿತ್ರವೊಂದು ಯಾರ ಕೈಯಲ್ಲಿ, ಯಾವ ಬಗೆಯಲ್ಲಿ ಹುಟ್ಟಿತೆಂಬುದನ್ನು ಕಲೆಯ ಇತಿಹಾಸಕಾರರು ವಿಸ್ತಾರವಾಗಿ ಬರೆದಿಡುತ್ತಾರೆ. ಆ ಚಿತ್ರವು ನೋಡುಗನ ಮನೆಯ ಬಾಗಿಲಿಗೆ ಯಾವ ದಾರಿಯಿಂದ ಬಂತೆಂಬುದನ್ನು ಬರೆಯುವವರು ವಿರಳ. ೨೦೦೫ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಕೆಲವು ಹವ್ಯಾಸಿಗಳು ತಮ್ಮ ಮನೆಯ ಗಣಕಯಂತ್ರದಲ್ಲಿಯೇ ಬೆಟ್ಟ, ಕಣಿವೆ, ಸರೋವರ, ಮೋಡಗಳನ್ನು ಸೃಷ್ಟಿಸಿ, ಅವುಗಳ ಮೇಲೆ ಹಕ್ಕಿ ಹಾರಿದಂತೆ ಕಣ್ಣನ್ನು ಹಾಯಿಸುವ ಕಿರುಚಿತ್ರಗಳನ್ನು ಮಾಡಿದರು. ಮಾಡಿ, ಪಾಡ್‌ಕಾಸ್ಟ್ ಫೀಡ್ ಎಂಬ ಹೊಸ ಅಂಚೆಯ ಮೂಲಕ ಪರಿಚಯವಿಲ್ಲದ ಜನರಿಗೆ ಹಂಚಿದರು. ಮೇಲುನೋಟಕ್ಕೆ ಇದೊಂದು ಬಿಡುವಿನ ವೇಳೆಯ ವಿನೋದ. ಆದರೆ ಎರಡು ಬೇರೆ ಬೇರೆ ಇತಿಹಾಸಗಳು ಇಲ್ಲಿ ಬಂದು ಕೂಡುತ್ತವೆ. ಒಂದು ಗಣಿತದ್ದು, ಇನ್ನೊಂದು ಹಂಚಿಕೆಯದು. ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರ ಕೊರೆದು, ಮಸಿ ಸವರಿ, ಪ್ರತಿ ತೆಗೆದು, ಚಂದಾದಾರರ ವಿಳಾಸ ಬರೆದು ಅಂಚೆಗೆ ಹಾಕುವ ಕೆಲಸವನ್ನು ಅರಿತ ನಮ್ಮಂಥ ಸಂಘದವರಿಗೆ ಎರಡನೆಯ ಇತಿಹಾಸವೇ ಹೆಚ್ಚು ಹತ್ತಿರದ್ದೆಂದು ತೋರುತ್ತದೆ. ಆದರೂ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗಲಾಗದು.

ಗಣಕಯಂತ್ರದ ಬೆಟ್ಟದ ಕಥೆಯು ಗಡಿಯೊಂದರ ಲೆಕ್ಕದಿಂದ ಪ್ರಾರಂಭವಾಗುತ್ತದೆಂದರೆ ಗಡಿನಾಡಿನ ನಮ್ಮ ವಾಚಕರಿಗೆ ಕೌತುಕವೆನಿಸೀತು. ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧದ ಕಾರಣಗಳನ್ನು ಲೆಕ್ಕದಿಂದ ತಿಳಿಯಲು ಹೊರಟವನು. ಎರಡು ದೇಶಗಳಿಗೆ ಸಮಾನವಾದ ಗಡಿ ಎಷ್ಟು ಉದ್ದವಿದೆಯೆಂಬುದಕ್ಕೂ ಅವು ಹೊಡೆದಾಡುವುದಕ್ಕೂ ಸಂಬಂಧವಿದೆಯೇ ಎಂದು ನೋಡಲು ಆತನು ಗಡಿಗಳ ಉದ್ದವನ್ನು ಕಲೆಹಾಕಿದನು. ಆಗ ಕಂಡದ್ದೇನು? ಸ್ಪೇನ್ ಮತ್ತು ಪೋರ್ಚುಗಲ್ ನಡುವಣ ಗಡಿ ಒಂದು ಲೆಕ್ಕದಲ್ಲಿ ೯೮೭ ಕಿಲೋಮೀಟರು, ಇನ್ನೊಂದರಲ್ಲಿ ೧,೨೧೪ ಕಿಲೋಮೀಟರು. ಹಾಲೆಂಡ್ ಮತ್ತು ಬೆಲ್ಜಿಯಂ ನಡುವಣದು ಒಮ್ಮೆ ೩೮೦, ಒಮ್ಮೆ ೪೪೯. ಯಾರೂ ಸುಳ್ಳು ಹೇಳಿರಲಿಲ್ಲ. ಉದ್ದನೆಯ ಅಳತೆಗೋಲು ಹಿಡಿದವನು ಸಣ್ಣ ಸಣ್ಣ ಅಂಕುಡೊಂಕುಗಳನ್ನು ದಾಟಿ ಹೋಗುತ್ತಾನೆ. ಗಿಡ್ಡ ಕೋಲಿನವನು ಪ್ರತಿಯೊಂದು ತಿರುವನ್ನೂ ಅಳೆಯುತ್ತಾನೆ. ಕೋಲು ಗಿಡ್ಡವಾದಂತೆ ಗಡಿ ಬೆಳೆಯುತ್ತದೆ! ರಿಚರ್ಡ್‌ಸನ್ ೧೯೫೩ರಲ್ಲಿ ತೀರಿಕೊಂಡನು. ಈ ಬರಹ ಪ್ರಕಟವಾದದ್ದು ೧೯೬೧ರಲ್ಲಿ. ಅದನ್ನು ಓದಿ ಅದರ ಬೆಲೆಯನ್ನು ಗುರುತಿಸಿದವನು ಐ.ಬಿ.ಎಂ. ಸಂಸ್ಥೆಯ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್. ೧೯೬೭ರಲ್ಲಿ ಆತನು ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟೆಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಲೇಖನ ಬರೆದನು. ೧೯೭೫ರಲ್ಲಿ ಇಂಥ ಒರಟು ಆಕಾರಗಳಿಗೆ, ಒಡೆದದ್ದು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ, ಫ್ರಾಕ್ಟಲ್ ಎಂಬ ಹೆಸರನ್ನು ಕೊಟ್ಟನು. ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ ಒರಟುತನ ಒಂದೇ ಬಗೆಯಾಗಿ ಉಳಿಯುವುದೇ ಇವುಗಳ ಲಕ್ಷಣ. ಬೆಟ್ಟದಿಂದ ಕಿತ್ತ ಕಲ್ಲೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಅದೂ ಒಂದು ಪುಟ್ಟ ಬೆಟ್ಟದಂತೆಯೇ ಕಾಣುವುದಲ್ಲವೇ?

ಮ್ಯಾಂಡೆಲ್‌ಬ್ರಾಟನ ಪುಸ್ತಕದ ಇಂಗ್ಲಿಷ್ ರೂಪ ೧೯೭೭ರಲ್ಲಿ ಹೊರಬಂದಿತು. ಅದನ್ನು ಓದಿದವರಲ್ಲಿ ಸಿಯಾಟಲ್ ನಗರದ ಬೋಯಿಂಗ್ ವಿಮಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಲೊರೆನ್ ಕಾರ್ಪೆಂಟರ್ ಒಬ್ಬನು. ಗಣಕಯಂತ್ರದಲ್ಲಿ ಬಿಡಿಸಿದ ವಿಮಾನಗಳ ಹಿನ್ನೆಲೆಗೆ ನಿಜವಾದಂತೆ ಕಾಣುವ ಬೆಟ್ಟಗಳು ಅವನಿಗೆ ಬೇಕಾಗಿದ್ದವು. ಅವನು ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ ನಮ್ಮ ಶಾಲೆಗಳ ಎಂಟನೆಯ ತರಗತಿಯ ಮಕ್ಕಳೂ ಅದನ್ನು ಮಾಡಿ ನೋಡಬಹುದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಮುಂದುವರಿಯುತ್ತೇವೆ. ಉಪಾಧ್ಯಾಯ ಮಿತ್ರರು ಚೌಕಳಿ ಹಾಳೆ ಮತ್ತು ಒಂದು ರೂಪಾಯಿಯ ನಾಣ್ಯವನ್ನು ಹತ್ತಿರ ಇಟ್ಟುಕೊಳ್ಳಲಿ.

ಹಾಳೆಯ ಮೇಲೆ ಅಡ್ಡಲಾಗಿ ಎಂಟು ಮನೆಗಳಷ್ಟು ಉದ್ದದ ಗೆರೆಯೊಂದನ್ನು ಎಳೆಯಿರಿ. ಎರಡೂ ತುದಿಗಳ ಎತ್ತರ ಸೊನ್ನೆ. ಈಗ ಗೆರೆಯ ನಟ್ಟನಡುವಿನ ಬಿಂದುವನ್ನು ತೆಗೆದುಕೊಂಡು ನಾಣ್ಯ ಚಿಮ್ಮಿರಿ. ಸಿಂಹದ ಮುಖ ಬಿದ್ದರೆ ಬಿಂದುವನ್ನು ೮ ಮನೆ ಮೇಲಕ್ಕೆತ್ತಿ; ಅಂಕಿಯ ಮುಖ ಬಿದ್ದರೆ ೮ ಮನೆ ಕೆಳಕ್ಕಿಳಿಸಿ. ಸಿಂಹ ಬಿತ್ತೆಂದುಕೊಳ್ಳೋಣ; ನಡುವಿನ ಎತ್ತರ ೮ ಆಯಿತು. ಈಗ ಎರಡು ತುಂಡುಗಳಿವೆ. ಒಂದೊಂದರ ನಡುಬಿಂದುವಿಗೂ ಅದರ ಎರಡು ತುದಿಗಳ ಸರಾಸರಿ ಎತ್ತರವನ್ನು ಕೊಟ್ಟು, ಮತ್ತೆ ನಾಣ್ಯ ಚಿಮ್ಮಿ, ಈ ಸಲ ೪ ಮನೆ ಮಾತ್ರ ಏರಿಸಿ ಅಥವಾ ಇಳಿಸಿ. ಎಡಗಡೆ ಅಂಕಿ ಬಿದ್ದರೆ ೪ರಲ್ಲಿ ೪ ಹೋಗಿ ಸೊನ್ನೆ. ಬಲಗಡೆ ಸಿಂಹ ಬಿದ್ದರೆ ೪ಕ್ಕೆ ೪ ಸೇರಿ ೮. ಮೂರನೆಯ ಸುತ್ತಿನಲ್ಲಿ ನಾಲ್ಕು ತುಂಡುಗಳು, ಏರಿಳಿತ ೨ ಮನೆ. ಹೀಗೆ ಏಳು ಸಲ ನಾಣ್ಯ ಚಿಮ್ಮಿದ ಮೇಲೆ ನಮಗೆ ದೊರೆತ ಎತ್ತರಗಳು ಎಡದಿಂದ ಬಲಕ್ಕೆ ೦, ೨, ೦, ೨, ೮, ೧೦, ೮, ೬, ೦. ಇವುಗಳನ್ನು ಗೆರೆಯಿಂದ ಜೋಡಿಸಿದರೆ ಎಡಗಡೆ ಒಂದು ತಗ್ಗು ಬಯಲು, ಬಲಗಡೆ ಒಂದು ಗುಡ್ಡ, ಅದರ ಇಳಿಜಾರು. ಯಾರೂ ಬರೆಯದ ಬೆಟ್ಟ! ಇನ್ನೊಂದು ಬೆಂಚಿನ ಮಕ್ಕಳು ಚಿಮ್ಮಿದರೆ ಇನ್ನೊಂದು ಬೆಟ್ಟ.

ಕಾರ್ಪೆಂಟರ್ ಇದನ್ನೇ ಗೆರೆಯ ಬದಲು ತ್ರಿಕೋನಗಳ ಮೇಲೆ ಮಾಡಿದನು. ತ್ರಿಕೋನದ ಮೂರು ಬಾಹುಗಳ ನಡುಬಿಂದುಗಳನ್ನು ಏರಿಸಿ ಇಳಿಸಿ ಜೋಡಿಸಿದರೆ ಒಂದು ತ್ರಿಕೋನ ನಾಲ್ಕಾಗುತ್ತದೆ, ನಾಲ್ಕು ಹದಿನಾರಾಗುತ್ತದೆ. ಹತ್ತು ಸುತ್ತುಗಳಾದ ಮೇಲೆ ತ್ರಿಕೋನಗಳ ಸಂಖ್ಯೆ ೧೦,೪೮,೫೭೬. ಪ್ರತಿ ಸುತ್ತಿಗೂ ಏರಿಳಿತವನ್ನು ಅರ್ಧಕ್ಕಿಳಿಸಿದರೆ ನೀಲಗಿರಿಯ ಹುಲ್ಲುಗಾವಲಿನಂತಹ ನುಣುಪು ದಿಣ್ಣೆಗಳು ಬರುತ್ತವೆ. ಅದಕ್ಕಿಂತ ಕಡಮೆ ಇಳಿಸಿದರೆ ಚೂಪಾದ ಬಂಡೆಗಳ, ಕೊರಕಲುಗಳ ನಾಡು. ಇಡೀ ಭೂದೃಶ್ಯದ ಗುಣವು ಒಂದೇ ಒಂದು ಅಂಕಿಯಲ್ಲಿ ಅಡಗಿದೆಯೆಂಬುದು ನಮಗಂತೂ ಇಂದಿಗೂ ವಿಸ್ಮಯಕರವಾಗಿಯೇ ಕಾಣುತ್ತದೆ.

೧೯೮೦ರಲ್ಲಿ ಸಿಯಾಟಲ್‌ನಲ್ಲಿಯೇ ಸೇರಿದ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಕಾರ್ಪೆಂಟರ್ ತನ್ನ ಪ್ರಬಂಧದ ಜೊತೆಗೆ ಎರಡು ನಿಮಿಷದ ಚಿತ್ರವೊಂದನ್ನು ತೋರಿಸಿದನು. ಅದರ ಹೆಸರು ವೋಲ್ ಲಿಬ್ರ್. ಫ್ರೆಂಚ್ ಭಾಷೆಯಲ್ಲಿ ಸ್ವೇಚ್ಛೆಯ ಹಾರಾಟವೆಂದು ಅರ್ಥ. ಅದರಲ್ಲಿ ಕಣ್ಣು ಗುಡ್ಡಗಳ ನಡುವೆ ಹಾರುತ್ತದೆ, ಅಷ್ಟೆ. ಕಥೆಯಿಲ್ಲ, ಪಾತ್ರವಿಲ್ಲ. ಒಂದೊಂದು ಬಿಡಿಚಿತ್ರವನ್ನು ಲೆಕ್ಕ ಹಾಕಲು ವ್ಯಾಕ್ಸ್ ೧೧/೭೮೦ ಎಂಬ ಯಂತ್ರಕ್ಕೆ ೨೦ರಿಂದ ೪೦ ನಿಮಿಷ ಹಿಡಿದಿತ್ತು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ ೨೪ ಬಿಡಿಚಿತ್ರಗಳೆಂದು ಹಿಡಿದರೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕಳೆದುಹೋಗುವ ಒಂದು ಸೆಕೆಂಡಿನ ಹಾರಾಟಕ್ಕೆ ಸುಮಾರು ಹನ್ನೆರಡು ಗಂಟೆಗಳ ಲೆಕ್ಕ! ಆ ಚಿತ್ರದ ಫಲವಾಗಿ ಕಾರ್ಪೆಂಟರನಿಗೆ ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಗಣಕ ವಿಭಾಗದಲ್ಲಿ ಕೆಲಸ ದೊರೆಯಿತು. ೧೯೮೨ರ ಸ್ಟಾರ್ ಟ್ರೆಕ್ ಸರಣಿಯ ಎರಡನೆಯ ಚಲಚ್ಚಿತ್ರದಲ್ಲಿ, ಸತ್ತ ಗ್ರಹವೊಂದು ಕ್ಷಣದಲ್ಲಿ ಹಸುರಾಗುವ ದೃಶ್ಯಕ್ಕೆ ಬೆಟ್ಟಗಳನ್ನು ಕೊಟ್ಟದ್ದು ಇದೇ ವಿಧಾನ. ಆ ಗಣಕ ವಿಭಾಗವೇ ೧೯೮೬ರಲ್ಲಿ ಪಿಕ್ಸಾರ್ ಆಯಿತು. ಅದು ಬೇರೆಯ ಕಥೆ, ಎಲ್ಲರಿಗೂ ತಿಳಿದದ್ದು.

ಈ ಬೆಟ್ಟಗಳಲ್ಲಿ ಒಂದು ಕೊರತೆಯಿತ್ತು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಾಣ್ಯ ಚಿಮ್ಮಿ ಮಾಡಿದ ಬೆಟ್ಟದಲ್ಲಿ ಮಳೆ ಎಂದೂ ಬಿದ್ದಿಲ್ಲ. ನಿಜವಾದ ಕಣಿವೆಯನ್ನು ನೀರು ಕೊರೆದಿರುತ್ತದೆ. ಅದರಲ್ಲಿ ಹಳ್ಳವು ಹೊಳೆಯನ್ನು, ಹೊಳೆಯು ನದಿಯನ್ನು ಸೇರುವ ಕ್ರಮವಿರುತ್ತದೆ. ನಾಣ್ಯದ ಕಣಿವೆಯೋ ಎತ್ತಲಿಂದಲೋ ಬಂದು ಎತ್ತಲೋ ನಿಂತುಬಿಡುತ್ತದೆ. ಎಲ್ಲೆಲ್ಲಿಯೂ ನೀರು ಹೊರಗೆ ಹರಿಯಲಾರದ ಗುಂಡಿಗಳು. ಕಾವೇರಿಯ ಜಲಾನಯನದ ನಕ್ಷೆಯನ್ನು ಬರೆದು ಬಲ್ಲ ವಿದ್ಯಾರ್ಥಿಯು ಇಂಥ ಚಿತ್ರವನ್ನು ನೋಡಿದೊಡನೆಯೇ ಇದು ಮಾನವನಿರ್ಮಿತವೆಂದು ಹೇಳಿಯಾನು. ೧೯೮೯ರಲ್ಲಿ ಕೆನ್ ಮಸ್‌ಗ್ರೇವ್ ಮತ್ತು ಅವನ ಜೊತೆಗಾರರು ಗಣಕಯಂತ್ರದ ಬೆಟ್ಟದ ಮೇಲೆ ಗಣಕಯಂತ್ರದ ಮಳೆಯನ್ನೇ ಸುರಿಸಿ, ಮಣ್ಣು ಕೊಚ್ಚಿಹೋಗುವುದನ್ನು ಲೆಕ್ಕಹಾಕುವ ಮಾರ್ಗವನ್ನು ಪ್ರಕಟಿಸಿದರು. ಮೋಡ, ಹೊಗೆ, ಅಮೃತಶಿಲೆಯ ಗೆರೆಗಳಿಗೆ ಬೇಕಾದ ಇನ್ನೊಂದು ಉಪಾಯವನ್ನು ೧೯೮೫ರಲ್ಲಿ ಕೆನ್ ಪರ್ಲಿನ್ ಪ್ರಕಟಿಸಿದ್ದನು. ಅದಕ್ಕೆ ೧೯೯೭ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ತಾಂತ್ರಿಕ ಪುರಸ್ಕಾರ ಬಂದಿತು.

ಇಲ್ಲಿಯವರೆಗೆ ಬೆಟ್ಟಗಳು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು. ೧೯೯೦ರ ದಶಕದಲ್ಲಿ ಅವು ಮನೆಗೆ ಬಂದವು. ಅಮಿಗಾ ಎಂಬ ಮನೆಬಳಕೆಯ ಗಣಕಯಂತ್ರಕ್ಕೆ ವಿಸ್ಟಾಪ್ರೊ, ೧೯೯೧ರಲ್ಲಿ ಉಚಿತವಾಗಿ ದೊರೆತ ಪೊವ್-ರೇ, ೧೯೯೪ರಲ್ಲಿ ಮ್ಯಾಕಿಂತೋಷ್ ಯಂತ್ರಕ್ಕೆ ಬ್ರೈಸ್, ದಶಕದ ಕೊನೆಗೆ ಇಂಗ್ಲೆಂಡಿನ ಮ್ಯಾಟ್ ಫೇರ್‌ಕ್ಲಫ್ ರಚಿಸಿದ ಟೆರಾಜೆನ್. ಕೊನೆಯದು ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಬಳಸುವವರಿಗೆ ಉಚಿತವಾಗಿದ್ದುದರಿಂದ ಹವ್ಯಾಸಿಗಳ ದೊಡ್ಡ ಬಳಗವನ್ನೇ ಕಟ್ಟಿಕೊಂಡಿತು. ೨೦೦೨ರಲ್ಲಿ ಬ್ಲೆಂಡರ್ ಎಂಬ ತಂತ್ರಾಂಶವನ್ನು ಸಾರ್ವಜನಿಕರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಚಂದಾ ಎತ್ತಿ ಬಿಡಿಸಿಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಚಂದಾ ಎತ್ತುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ನಮಗೆ ಈ ಒಂದು ಸಂಗತಿ ವಿಶೇಷವಾಗಿ ಮೆಚ್ಚಿಕೆಯಾಗಿದೆ.

ಕಲ್ಪನೆಯ ಬೆಟ್ಟ ಬೇಡ, ನಿಜವಾದ ಬೆಟ್ಟವೇ ಬೇಕೆನ್ನುವವರಿಗೂ ದಾರಿಯಾಯಿತು. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಆಕಾಶನೌಕೆಯು ೬೦ ಮೀಟರು ಉದ್ದದ ಕಂಬವೊಂದನ್ನು ಹೊರಚಾಚಿಕೊಂಡು, ಹನ್ನೊಂದು ದಿನಗಳ ಯಾತ್ರೆಯಲ್ಲಿ ರೇಡಾರ್ ಕಿರಣಗಳಿಂದ ಭೂಮಿಯ ಎತ್ತರ ತಗ್ಗುಗಳನ್ನು ಅಳೆಯಿತು. ಉತ್ತರ ಅಕ್ಷಾಂಶ ೬೦ರಿಂದ ದಕ್ಷಿಣ ಅಕ್ಷಾಂಶ ೫೬ರವರೆಗಿನ ನೆಲ, ಎಂದರೆ ಭೂಮಿಯ ನೆಲಭಾಗದ ಸುಮಾರು ೮೦ ಪಾಲು, ಆ ಲೆಕ್ಕದಲ್ಲಿ ಸೇರಿತು. ಅಮೆರಿಕದ ಹೊರಗಿನ ನೆಲಕ್ಕೆ ಮೊದಲು ಸುಮಾರು ೯೦ ಮೀಟರಿಗೊಂದರಂತೆ ಎತ್ತರಗಳನ್ನು ಉಚಿತವಾಗಿ ಬಿಟ್ಟುಕೊಟ್ಟರು. ೨೦೧೪ರಿಂದ ೩೦ ಮೀಟರಿಗೊಂದರಂತೆ ಬಿಟ್ಟುಕೊಡಲು ತೊಡಗಿದರು. ವಯನಾಡಿನ ಚೆಂಬ್ರ ಶಿಖರವೂ ನೀಲಗಿರಿಯ ದೊಡ್ಡಬೆಟ್ಟವೂ ತಾಳವಾಡಿಯ ಸುತ್ತಣ ಗುಡ್ಡಗಳೂ ಆ ಅಂಕಿಗಳ ರಾಶಿಯಲ್ಲಿವೆ. ರಾಜ್ಯಗಳ ಗಡಿರೇಖೆ ಮಾತ್ರ ಅದರಲ್ಲಿಲ್ಲ. ರೇಡಾರಿಗೆ ಅದು ಕಾಣಿಸದು.

ಹೀಗೆ ಬೆಟ್ಟ ಮಾಡುವುದು ಅಗ್ಗವಾಯಿತು. ಅದನ್ನು ನಾಲ್ಕು ಜನರಿಗೆ ತೋರಿಸುವುದು ಅಗ್ಗವಾಗಿರಲಿಲ್ಲ. ಸ್ಥಿರಚಿತ್ರವನ್ನಾದರೆ ಅಂತರಜಾಲದ ಪುಟದಲ್ಲಿ ಅಂಟಿಸಬಹುದಿತ್ತು. ಚಲಿಸುವ ಚಿತ್ರ ಭಾರವಾದದ್ದು. ೨೦೦೫ರ ಹೊತ್ತಿಗೆ ಚಾಲ್ತಿಗೆ ಬಂದ ಹೊಸ ಅಡಕಕ್ರಮದಲ್ಲಿಯೂ ಅಂಗೈಯಗಲದ ಪರದೆಗೆ ಹೊಂದುವ ಒಂದು ನಿಮಿಷದ ಚಿತ್ರ, ಧ್ವನಿ ಸೇರಿ, ಸುಮಾರು ೭ ಮೆಗಾಬೈಟ್ ತೂಗುತ್ತಿತ್ತು. ದೂರವಾಣಿಯ ತಂತಿಗೆ ಜೋಡಿಸಿದ ಮೋಡೆಮಿನಲ್ಲಿ ಅದು ಇಳಿದು ಬರಲು, ತಂತಿ ತನ್ನ ಪೂರ್ಣ ವೇಗದಲ್ಲಿ ಕೆಲಸ ಮಾಡಿದರೂ, ಹದಿನಾರು ನಿಮಿಷ. ಒಂದು ನಿಮಿಷದ ಬೆಟ್ಟಕ್ಕಾಗಿ ಹದಿನಾರು ನಿಮಿಷ ಕುಳಿತು ಕಾಯುವ ರಸಿಕರು ಎಷ್ಟು ಮಂದಿ ಸಿಕ್ಕಾರು? ಗುಂಡಿ ಒತ್ತಬೇಕು, ಕಾಯಬೇಕು. ಕಾದ ಮೇಲೆ ಬಂದದ್ದು ಅಷ್ಟು ಹೊತ್ತು ಕಾಯುವಷ್ಟು ಬೆಲೆಯದಲ್ಲವೆಂದು ಎದ್ದುಹೋಗಬೇಕು. ಅಂದಿನ ಅಂತರಜಾಲದ ಚಲಚ್ಚಿತ್ರಗಳ ಗತಿ ಇದಾಗಿತ್ತು.

ಈ ಗಂಟನ್ನು ಬಿಡಿಸಿದ ಆಲೋಚನೆ ಯಂತ್ರದ ವೇಗಕ್ಕೆ ಸಂಬಂಧಿಸಿದ್ದಲ್ಲ, ವೇಳೆಗೆ ಸಂಬಂಧಿಸಿದ್ದು. ನೋಡುಗನು ಕೇಳಿದ ಮೇಲೆ ಕಳುಹಿಸುವುದೇಕೆ? ಅವನು ಮಲಗಿರುವಾಗಲೇ ಕಳುಹಿಸಿಬಿಟ್ಟರೆ ಬೆಳಗ್ಗೆ ಎದ್ದಾಗ ಚಿತ್ರ ಅವನ ಯಂತ್ರದಲ್ಲಿಯೇ ಇರುತ್ತದೆ. ಗುಂಡಿ ಒತ್ತಿದೊಡನೆ ಓಡುತ್ತದೆ. ದೂರದರ್ಶನದ ನಿರೂಪಕನಾಗಿದ್ದ ಆಡಂ ಕರಿ ೨೦೦೦ದಲ್ಲಿ ಈ ಮಾತನ್ನು ತಂತ್ರಾಂಶ ರಚನೆಗಾರ ಡೇವ್ ವೈನರನ ಮುಂದಿಟ್ಟನು. ಅಂಚೆಯವನು ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿರುವಾಗ ನಾವು ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದಿಲ್ಲವಷ್ಟೆ, ಅದೇ ನ್ಯಾಯ.

ಅಂಚೆಯ ಪಟ್ಟಿ ಆಗಲೇ ಸಿದ್ಧವಾಗಿತ್ತು. ೧೯೯೯ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಡ್ಯಾನ್ ಲಿಬ್ಬಿ ಮತ್ತು ಭಾರತ ಮೂಲದ ರಾಮನಾಥನ್ ವಿ. ಗುಹಾ ಅವರಿಂದ ಆರ್.ಎಸ್.ಎಸ್. ಎಂಬ ಬರಹಕ್ರಮ ಹುಟ್ಟಿತ್ತು. ಅದೇ ಫೀಡ್. ಅದು ಒಂದು ಸಾದಾ ಬರಹದ ಕಡತ. ಪತ್ರಿಕೆಯೊಂದರ ಪರಿವಿಡಿಯಂತೆ ಹೊಸ ಹೊಸ ಬರಹಗಳ ಹೆಸರು, ತಾರೀಖು, ವಿಳಾಸ ಮಾತ್ರ ಅದರಲ್ಲಿರುತ್ತದೆ. ಚಂದಾದಾರನ ಯಂತ್ರವು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಹೋಗಿ ಆ ಪರಿವಿಡಿಯನ್ನು ಓದಿ, ಹೊಸತೇನಾದರೂ ಇದೆಯೇ ಎಂದು ನೋಡುತ್ತದೆ. ೨೦೦೦ದ ಡಿಸೆಂಬರಿನಲ್ಲಿ ವೈನರ್ ಈ ಕ್ರಮಕ್ಕೆ ಒಂದೇ ಒಂದು ಅಂಶವನ್ನು ಸೇರಿಸಿದನು. ಅದರ ಇಂಗ್ಲಿಷ್ ಹೆಸರು ಎನ್‌ಕ್ಲೋಷರ್. ನಮ್ಮ ಕಚೇರಿಯ ಪತ್ರಗಳ ಭಾಷೆಯಲ್ಲಿ ಹೇಳುವುದಾದರೆ ಲಗತ್ತು. ಅದರಲ್ಲಿ ಇರುವುದು ಮೂರೇ ಮಾತು: ಕಡತ ಎಲ್ಲಿದೆ, ಎಷ್ಟು ಬೈಟುಗಳಷ್ಟು ದೊಡ್ಡದು, ಯಾವ ಬಗೆಯದು. ಪಾರ್ಸೆಲ್ಲಿನ ಮೇಲೆ ವಿಳಾಸ, ತೂಕ, ಒಳಗಿರುವ ವಸ್ತು ಎಂದು ಬರೆದಂತೆ. ೨೦೦೧ರ ಜನವರಿಯಲ್ಲಿ ವೈನರ್ ಒಂದು ಹಾಡನ್ನು ಲಗತ್ತಿಸಿ ಇದನ್ನು ಪರೀಕ್ಷಿಸಿ ನೋಡಿದನು. ಲಗತ್ತು ಹಾಡೇ ಆಗಿರಬೇಕೆಂಬ ನಿಯಮವನ್ನು ಅವನು ಮಾಡಲಿಲ್ಲ. ಬಗೆ ಎಂಬ ಜಾಗದಲ್ಲಿ ಧ್ವನಿ ಎಂಬುದರ ಬದಲು ಚಲಚ್ಚಿತ್ರ ಎಂದು ಬರೆದರೆ ಅದೇ ಗಾಡಿ ಬೆಟ್ಟವನ್ನೂ ಹೊತ್ತು ತರುತ್ತದೆ. ನಮ್ಮ ಕಥೆಯೆಲ್ಲ ನಿಂತಿರುವುದು ಈ ಔದಾರ್ಯದ ಮೇಲೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಫೀಡ್ ಬರೆಯುವ ಭಾಷೆಯ ತಳದಲ್ಲಿ ಯೂನಿಕೋಡ್ ಇದೆ. ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಸ್ಥಾನವಿದೆ. ಆದುದರಿಂದ ಫೀಡಿನ ಹೆಸರನ್ನೂ ಚಿತ್ರದ ಹೆಸರನ್ನೂ ಕನ್ನಡದಲ್ಲಿಯೇ ಬರೆಯಲು ಅಡ್ಡಿಯೇನೂ ಇಲ್ಲ. ಯಾವ ರಾಜ್ಯದ ಕಚೇರಿಯ ಅಪ್ಪಣೆಯೂ ಅದಕ್ಕೆ ಬೇಡ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇವೆ. ೨೦೦೩ರಲ್ಲಿ ಪತ್ರಕರ್ತ ಕ್ರಿಸ್ಟಫರ್ ಲಿಡನ್ನನ ಸಂದರ್ಶನಗಳು ಈ ಬಗೆಯಲ್ಲಿ ಹರಿದವು. ೨೦೦೪ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆಯುತ್ತ ಪಾಡ್‌ಕಾಸ್ಟ್ ಎಂಬ ಶಬ್ದವನ್ನು ಟಂಕಿಸಿದನು. ೨೦೦೫ರ ಜೂನ್ ೨೮ರಂದು ಆಪಲ್ ಸಂಸ್ಥೆಯು ಐಟ್ಯೂನ್ಸ್ ೪.೯ರಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟಿತು; ಎರಡೇ ದಿನಗಳಲ್ಲಿ ಹತ್ತು ಲಕ್ಷ ಚಂದಾಗಳಾದವೆಂದು ಸಂಸ್ಥೆ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್ ೧೨ರಂದು ಚಲಚ್ಚಿತ್ರ ತೋರಿಸುವ ಐಪಾಡ್ ಬಂದಿತು. ಅದರ ಪರದೆ ಎರಡೂವರೆ ಅಂಗುಲ; ಅಡ್ಡಕ್ಕೆ ೩೨೦ ಚುಕ್ಕಿ, ಉದ್ದಕ್ಕೆ ೨೪೦.

ಇಷ್ಟು ಪುಟ್ಟ ಪರದೆಯಲ್ಲಿ ಹಿಮಾಲಯವನ್ನು ನೋಡುವುದೇ ಎಂದು ನಗುವವರು ನಗಲಿ. ಹವ್ಯಾಸಿಯ ಪಾಲಿಗೆ ಆ ಪುಟ್ಟತನವೇ ವರವಾಯಿತೆಂಬುದು ನಮ್ಮ ನಿಲುವು. ಲೆಕ್ಕ ಹಾಕಿ ನೋಡೋಣ. ೩೨೦ನ್ನು ೨೪೦ರಿಂದ ಗುಣಿಸಿದರೆ ೭೬,೮೦೦ ಚುಕ್ಕಿಗಳು. ದೊಡ್ಡ ದೂರದರ್ಶನದ ಪರದೆಗೆ ೧,೯೨೦ ಗುಣಿಸು ೧,೦೮೦, ಎಂದರೆ ೨೦,೭೩,೬೦೦ ಚುಕ್ಕಿಗಳು. ಸರಿಯಾಗಿ ೨೭ ಪಟ್ಟು. ಮನೆಯ ಯಂತ್ರವೊಂದು ಪುಟ್ಟ ಪರದೆಯ ಬಿಡಿಚಿತ್ರವೊಂದಕ್ಕೆ ನಾಲ್ಕು ನಿಮಿಷ ತೆಗೆದುಕೊಳ್ಳುವುದೆಂದು ಹಿಡಿಯಿರಿ. ಸೆಕೆಂಡಿಗೆ ೩೦ರಂತೆ ಒಂದು ನಿಮಿಷಕ್ಕೆ ೧,೮೦೦ ಬಿಡಿಚಿತ್ರಗಳು, ೭,೨೦೦ ನಿಮಿಷಗಳು, ಹಗಲೂ ರಾತ್ರಿ ಐದು ದಿನ. ಸೋಮವಾರ ಹಚ್ಚಿಟ್ಟರೆ ಶನಿವಾರದ ಹೊತ್ತಿಗೆ ಚಿತ್ರ ಕೈಗೆ ಬರುತ್ತದೆ. ಚುಕ್ಕಿಗಳು ಹೆಚ್ಚಿದಷ್ಟೇ ಕೆಲಸವೂ ಹೆಚ್ಚುವುದಾದರೆ ಅದೇ ಚಿತ್ರ ದೊಡ್ಡ ಪರದೆಗೆ ೧೩೫ ದಿನ! ನಾಲ್ಕೂವರೆ ತಿಂಗಳು ಒಂದೇ ನಿಮಿಷಕ್ಕಾಗಿ ಯಂತ್ರವನ್ನು ಓಡಿಸಿಕೊಂಡು ಕುಳಿತುಕೊಳ್ಳಲು ಯಾವ ಮನೆಯವರು ಒಪ್ಪಿಯಾರು? ವಾರಕ್ಕೊಂದೋ ತಿಂಗಳಿಗೊಂದೋ ಸಂಚಿಕೆ ಎಂಬ ನಿಯಮವನ್ನು ಒಬ್ಬನೇ ಮನುಷ್ಯನು ಪಾಲಿಸಲು ಸಾಧ್ಯವಾದದ್ದು ಎರಡೂವರೆ ಅಂಗುಲದ ದಯೆಯಿಂದ.

ಚಿತ್ರ ಮಾಡುವಾಗಿನ ತೊಡಕುಗಳೂ ಈ ಪರದೆಗೆ ತಕ್ಕಂಥವೇ ಆಗಿದ್ದವು. ಫ್ರಾಕ್ಟಲ್ ಬೆಟ್ಟದಲ್ಲಿ ವಿವರಕ್ಕೆ ಕೊನೆಯಿಲ್ಲ. ಪರದೆಯಲ್ಲಿ ಚುಕ್ಕಿಗಳಿಗೆ ಕೊನೆಯುಂಟು. ಚುಕ್ಕಿಗಿಂತ ಸಣ್ಣದಾದ ಬಂಡೆಯೊಂದು ಒಂದು ಬಿಡಿಚಿತ್ರದಲ್ಲಿ ಕಾಣಿಸಿಕೊಂಡು ಮುಂದಿನದರಲ್ಲಿ ಮಾಯವಾಗಿ, ಇಡೀ ಇಳಿಜಾರು ಇರುವೆ ಮುತ್ತಿದಂತೆ ಮಿಣುಮಿಣುಗುಟ್ಟುತ್ತದೆ. ಕಡತವನ್ನು ಕುಗ್ಗಿಸುವ ಅಡಕಕ್ರಮಕ್ಕೆ ಈ ಮಿಣುಕು ಪರಮ ಶತ್ರು. ಅದು ಒಂದು ಬಿಡಿಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟುಕೊಂಡು ಜಾಗ ಉಳಿಸುವಂಥದು. ಎಲ್ಲವೂ ಬದಲಾಗುತ್ತಿದ್ದರೆ ಉಳಿಸುವುದೇನನ್ನು? ಹುಲ್ಲು ತುಂಬಿದ ಬಯಲಿನ ಮೇಲೆ ಕಣ್ಣು ಬೇಗನೆ ಹಾರಿದರೆ ಹುಲ್ಲೆಲ್ಲ ಕಲಸಿದ ರಾಗಿ ಹಿಟ್ಟಿನಂತಾಗುತ್ತದೆ. ಆದುದರಿಂದ ಇಂಥ ಚಿತ್ರಕ್ಕೆ ನಿಧಾನವಾದ ನಡೆ, ದೂರದ ಬೆಟ್ಟಗಳಿಗೆ ಮಂಜು, ನಿಶ್ಚಲವಾದ ನೀರು, ಬೆಳಗಿನ ಅಥವಾ ಸಂಜೆಯ ಬೆಳಕು ಚೆನ್ನಾಗಿ ಒಪ್ಪುತ್ತವೆ. ಮೋಡಗಳು ಮಾತ್ರ ಚಲಿಸಿ ನೆಲವೆಲ್ಲ ಸುಮ್ಮನಿರುವ ಚಿತ್ರ ಎಲ್ಲಕ್ಕಿಂತ ಹಗುರ. ಕವಿಸಮಯವೆಂದು ಕೆಲವರು ತಿಳಿಯುವ ಆ ಮಂಜಿಗೂ ಶಾಂತಿಗೂ ಅರ್ಧ ಕಾರಣ ಕಡತದ ತೂಕ. ಚಿತ್ರಕ್ಕೆ ಸಂಗೀತ ಬೇಕಾದವರು ತಾವೇ ನುಡಿಸಬಹುದಿತ್ತು. ಇಲ್ಲವೆ ೨೦೦೨ರ ಡಿಸೆಂಬರಿನಿಂದ ಬಳಕೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಹಂಚಲು ಒಪ್ಪಿಗೆ ಕೊಟ್ಟವರ ಸಂಗೀತವನ್ನು ಬಳಸಬಹುದಿತ್ತು.

ಈ ಅಂಚೆಯ ಮುಖ್ಯ ಗುಣವೇನು? ಫೀಡಿನ ಕಡತ ಮಾಡಿದವನ ಸ್ವಂತ ವಿಳಾಸದಲ್ಲಿರುತ್ತದೆ. ಆಪಲ್ ಸಂಸ್ಥೆಯ ಪಟ್ಟಿಯು ದಾರಿ ತೋರಿಸುವ ಕೈಮರವೇ ಹೊರತು ಮನೆಯಲ್ಲ. ಅದು ಒಂದು ಫೀಡನ್ನು ತನ್ನ ಪಟ್ಟಿಯಿಂದ ತೆಗೆದರೂ, ಫೀಡಿನ ವಿಳಾಸ ಬಲ್ಲ ಚಂದಾದಾರನು ಅದನ್ನು ತಾನೇ ಬರೆದು ಸೇರಿಸಿಕೊಂಡು ಚಿತ್ರಗಳನ್ನು ಪಡೆಯಬಹುದಿತ್ತು. ಹತ್ತು ಜನ ಚಂದಾದಾರರಿದ್ದರೂ ಸರಿ, ಹತ್ತೂ ಜನರಿಗೆ ಸಂಚಿಕೆ ತಪ್ಪದೆ ತಲಪುತ್ತದೆ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡವೆಂದು ನಡುವೆ ಕುಳಿತು ತೀರ್ಮಾನಿಸುವ ದಲ್ಲಾಳಿ ಇಲ್ಲ. ಸಣ್ಣ ಬಳಗದ ಭಾಷೆಗೂ ಸಣ್ಣ ಬಳಗದ ಕಲೆಗೂ ಬೇಕಾದದ್ದು ಈ ಬಗೆಯ ಹಂಚಿಕೆಯೇ. ಊರಿನ ದೊಡ್ಡ ಸಂತೆಯಲ್ಲಿ ಹತ್ತು ಜನರ ದನಿ ಕೇಳಿಸದು. ಹತ್ತು ಮನೆಗೆ ಹೋಗುವ ಅಂಚೆಯಲ್ಲಿ ಹತ್ತು ಮನೆಯೇ ಜಗತ್ತು.

ದೋಷಗಳನ್ನೂ ಮುಚ್ಚಿಡಬಾರದು. ಖರ್ಚೆಲ್ಲ ಮಾಡಿದವನ ತಲೆಯ ಮೇಲೆ ಬೀಳುತ್ತಿತ್ತು. ಐದು ನಿಮಿಷದ ಚಿತ್ರ ಸುಮಾರು ೩೪ ಮೆಗಾಬೈಟ್. ಸಾವಿರ ಚಂದಾದಾರರಾದರೆ ಒಂದೇ ಸಂಚಿಕೆಗೆ ೩೪ ಗಿಗಾಬೈಟ್ ಸಾಗಣೆ. ಬಾಡಿಗೆಯ ಸರ್ವರಿನವರು ಅದಕ್ಕೆ ಬಿಲ್ಲು ಕಳುಹಿಸುತ್ತಾರೆ. ಚಂದಾದಾರರು ಹೆಚ್ಚಿದರೆ ಸಂತೋಷಪಡಬೇಕೋ ಗಾಬರಿಪಡಬೇಕೋ ತಿಳಿಯದ ಸ್ಥಿತಿ. ಪತ್ರಿಕೆ ನಡೆಸಿದವರಿಗೆ ಇದು ಅಪರಿಚಿತವಲ್ಲ. ಇನ್ನೊಂದು ದೋಷ, ಹೊಸಬನು ಇಂಥ ಫೀಡನ್ನು ಕಂಡುಕೊಳ್ಳುವುದು ಕಷ್ಟ. ಬಲ್ಲವರು ಹೇಳಬೇಕು.

ಈ ಎರಡು ದೋಷಗಳನ್ನೂ ಒಂದೇ ಏಟಿಗೆ ನಿವಾರಿಸಿದ್ದು ಯೂಟ್ಯೂಬ್. ೨೦೦೫ರಲ್ಲಿ ಅದು ಪ್ರಾರಂಭವಾಗಿ, ೨೦೦೬ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ಅದನ್ನು ೧೬೫ ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸಾಗಣೆಯ ಖರ್ಚಿಲ್ಲ, ನೋಡುಗರು ತಾವಾಗಿಯೇ ಬರುತ್ತಾರೆ, ಗುಂಡಿ ಒತ್ತಿದರೆ ಚಿತ್ರ ಓಡುತ್ತದೆ. ಹವ್ಯಾಸಿಗಳು ಅತ್ತ ಹೋದದ್ದು ಸಹಜ. ಅವರನ್ನು ದೂರಲು ನಮಗೆ ಕಾರಣ ಕಾಣದು. ಆದರೆ ಅಲ್ಲಿ ಚಂದಾದಾರರ ಪಟ್ಟಿ ಚಿತ್ರ ಮಾಡಿದವನ ಕೈಯಲ್ಲಿಲ್ಲ. ಚಂದಾದಾರನ ಕಣ್ಣ ಮುಂದೆ ಯಾವ ಚಿತ್ರವನ್ನು ಮೊದಲು ಇಡಬೇಕೆಂಬುದನ್ನು ಸಂಸ್ಥೆಯ ಲೆಕ್ಕವೇ ಗೊತ್ತುಮಾಡುತ್ತದೆ. ಕಥೆಯಿಲ್ಲದ, ಮಾತಿಲ್ಲದ, ಮೋಡ ಮಾತ್ರ ಚಲಿಸುವ ಬೆಟ್ಟವೊಂದು ಆ ಲೆಕ್ಕದಲ್ಲಿ ಎಷ್ಟನೆಯದಾಗಿ ನಿಂತೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೀಡುಗಳ ಸುತ್ತಣ ಕಟ್ಟಡಗಳೂ ಒಂದೊಂದಾಗಿ ಬಿದ್ದವು. ಫೀಡುಗಳನ್ನು ಓದಲು ಬಹು ಜನ ಬಳಸುತ್ತಿದ್ದ ಗೂಗಲ್ ರೀಡರ್ ೨೦೧೩ರ ಜುಲೈಯಲ್ಲಿ ಮುಚ್ಚಿತು. ಹವ್ಯಾಸಿಗಳ ಚಿತ್ರಗಳಿಗೆ ಆಶ್ರಯವಾಗಿದ್ದ ಬ್ಲಿಪ್ ೨೦೧೫ರ ಆಗಸ್ಟಿನಲ್ಲಿ ನಿಂತುಹೋಯಿತು. ಐಪಾಡಿನ ತಯಾರಿಕೆಯನ್ನು ಆಪಲ್ ೨೦೨೨ರಲ್ಲಿ ಕೊನೆಗೊಳಿಸಿತು. ಲಗತ್ತು ಮಾತ್ರ ಸಾಯಲಿಲ್ಲ. ಧ್ವನಿಯ ಪಾಡ್‌ಕಾಸ್ಟ್‌ಗಳು ಬಹುಮಟ್ಟಿಗೆ ಇಂದಿಗೂ ವೈನರ್ ಸೇರಿಸಿದ ಅದೇ ಮೂರು ಮಾತುಗಳ ಮೇಲೆ ಓಡುತ್ತಿವೆ. ಬೆಟ್ಟದ ಚಿತ್ರಗಳ ಗತಿ ಬೇರೆ. ಸರ್ವರಿನ ಬಾಡಿಗೆ ನಿಂತ ದಿನ ಫೀಡೂ ಚಿತ್ರಗಳೂ ಅಳಿಯುತ್ತವೆ. ಸೈಕ್ಲೋಸ್ಟೈಲ್ ಪ್ರತಿಯಾದರೆ ಮಸಿ ಮಾಸಿದರೂ ಯಾರದೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕೀತು. ಫೀಡಿನ ಚಿತ್ರಕ್ಕೂ ಹಾಗೊಂದು ಅಟ್ಟವುಂಟು: ಕಡತವು ಚಂದಾದಾರನ ಯಂತ್ರಕ್ಕೆ ಪೂರ್ತಿಯಾಗಿ ಇಳಿದು ಬಂದಿರುವುದರಿಂದ, ಅವನು ಅಳಿಸದಿದ್ದರೆ ಅದು ಅವನಲ್ಲಿ ಉಳ







ಿದಿರುತ್ತದೆ. ಪರದೆಯ ಮೇಲೆ ಹರಿದು ಹೋಗುವ ಚಿತ್ರಕ್ಕೆ ಆ ಅನುಕೂಲವೂ ಇಲ್ಲ.

ಇವೆಲ್ಲಕ್ಕಿಂತ ಹಗುರವಾದ ಇನ್ನೊಂದು ಪ್ರತಿಯ ಮಾತು ಉಳಿದಿದೆ. ನಾವು ಮೇಲೆ ಮಾಡಿದ ಬೆಟ್ಟವನ್ನು ನೆನಪಿಸಿಕೊಳ್ಳಿ. ಏಳು ಸಲ ನಾಣ್ಯ ಬಿದ್ದ ಕ್ರಮವನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ, ಯಾವ ಊರಿನ ಯಾವ ಹುಡುಗನೂ ಅದೇ ಬೆಟ್ಟವನ್ನು ಮತ್ತೆ ಎಬ್ಬಿಸಬಲ್ಲನು. ಗಣಕಯಂತ್ರವೂ ನಿಜವಾಗಿ ನಾಣ್ಯ ಚಿಮ್ಮುವುದಿಲ್ಲ. ಬೀಜಸಂಖ್ಯೆಯೆಂಬ ಒಂದು ಅಂಕಿಯಿಂದ ಹೊರಟು, ಯದೃಚ್ಛೆಯಂತೆ ತೋರುವ ಅಂಕಿಗಳನ್ನು ಲೆಕ್ಕದಿಂದ ಪಡೆಯುತ್ತದೆ; ಬೀಜ ಒಂದೇ ಆದರೆ, ತಂತ್ರಾಂಶವೂ ಅದೇ ಆದರೆ, ಬೆಟ್ಟವೂ ಅದೇ. ಆದುದರಿಂದ ಚಿತ್ರದ ಜೊತೆಗೆ ಬೀಜಸಂಖ್ಯೆಯನ್ನೂ ಕಣ್ಣು ಹಾಯುವ ದಾರಿಯ ಪಟ್ಟಿಯನ್ನೂ ಹಂಚಿದವರ ಭೂದೃಶ್ಯಗಳನ್ನು ಇಂದಿನ ಯಂತ್ರದಲ್ಲಿ, ೨೭ ಪಟ್ಟು ದೊಡ್ಡ ಪರದೆಗೆ, ಹೊಸದಾಗಿ ಚಿತ್ರಿಸಬಹುದು. ೧೯೮೦ರ ದಶಕದ ಗಣಕಪತ್ರಿಕೆಗಳು ಬೇಸಿಕ್ ಭಾಷೆಯ ಕ್ರಮವಿಧಿಗಳನ್ನು ಸಾಲುಸಾಲಾಗಿ ಅಚ್ಚು ಹಾಕುತ್ತಿದ್ದವು. ಓದುಗರು ಅವನ್ನು ಮನೆಯಲ್ಲಿ ಬೆರಳಚ್ಚು ಮಾಡಿ ಓಡಿಸುತ್ತಿದ್ದರು. ನಡುಬಿಂದುವಿನ ಬೆಟ್ಟಕ್ಕೆ ಬೇಕಾದ ವಿಧಿ ಮೂವತ್ತು ನಾಲ್ವತ್ತು ಸಾಲುಗಳನ್ನು ಮೀರದು. ಒಂದು ಸ್ಟೆನ್ಸಿಲ್ ಹಾಳೆಯಲ್ಲಿ ಅದು ಹಿಡಿಸುತ್ತದೆ.